ಮಾವನ ಬಂದೂಕಿಗೆ ಚೋಕು ಆರಿಸಿದ್ದು

ಗಿಡಗಳಿಗೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳನ್ನು ಅಡ್ಡ ಹಿಡಿಯದ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ. ದೇವನಹಳ್ಳಿಯ ನನ್ನ ಮನೆಯ ಮುಂದೆ, ನಾನು ಉದ್ಯಾನವೆಂದೂ ನನ್ನ ಹೆಂಡತಿ ಕೆಸರೆಂದೂ ಕರೆಯುವ ಹತ್ತಡಿ ಜಾಗವಿದೆ. ಅಲ್ಲಿನ ಕನಕಾಂಬರಕ್ಕೂ ಕಾಂಪೌಂಡಿನ ಮೂಲೆಯ ಕರಿಬೇವಿಗೂ ನಿಂತಲ್ಲಿಂದಲೇ ನೀರು ತಲುಪಿಸಬೇಕೆಂಬ ಆಲಸ್ಯದಿಂದ ನಾನೂ ದಿನಾ ಬೆಳಗ್ಗೆ ಈ ಹೆಬ್ಬೆರಳ ವಿದ್ಯೆಯನ್ನು ಪ್ರಯೋಗಿಸುತ್ತೇನೆ. ಬಾಯಿ ಬಿಗಿದರೆ ನೀರು ದೂರ ಹಾರುತ್ತದೆ, ಸಡಿಲಿಸಿದರೆ ಕಾಲಬುಡದಲ್ಲೇ ಸುರಿದು ಚಪ್ಪಲಿ ತೋಯಿಸುತ್ತದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು ನಾನಾದ್ದರಿಂದ, ಇಂಥ ಕ್ಷುಲ್ಲಕ ಸಂಗತಿಯನ್ನೂ ಒಂದು ತತ್ತ್ವವನ್ನಾಗಿ ಮಾಡಿ ಯಾರಿಗಾದರೂ ವಿವರಿಸದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. ಹೀಗೆ ವಿವರಿಸಲು ಹೋಗಿಯೇ ಕಳೆದ ವರ್ಷ ನಾನು ಬಂದೂಕುಗಳ ತಜ್ಞನಾದೆ.

ತಜ್ಞನೆಂದರೆ ಬಂದೂಕು ಹಾರಿಸಬಲ್ಲವನೆಂದು ದಯವಿಟ್ಟು ಭಾವಿಸಬೇಡಿ. ದೀಪಾವಳಿಯಲ್ಲಿ ಪಕ್ಕದ ಮನೆಯವರು ಪಟಾಕಿ ಹಚ್ಚಿದರೆ ನಮ್ಮ ಮನೆಯ ಬಾಗಿಲು ಹಾಕಿಕೊಳ್ಳುವ ಜಾತಿ ನನ್ನದು. ಆದರೆ ಒಂದು ವಸ್ತುವನ್ನು ಬಳಸಲು ಬಾರದವನಿಗೆ ಅದರ ವಿಷಯದಲ್ಲಿ ಇರುವ ಪಾಂಡಿತ್ಯ ಬಳಸುವವನಿಗೆ ಎಂದೂ ಇರುವುದಿಲ್ಲ. ಕಾರು ಓಡಿಸದ ನನ್ನ ಹೆಂಡತಿ ಹಿಂದಿನ ಸೀಟಿನಿಂದಲೇ ನನಗೆ ಗೇರು ಬದಲಿಸುವ ಸೂಕ್ಷ್ಮಗಳನ್ನು ಕಲಿಸಿದ್ದಾಳೆ. ಆ ಪರಂಪರೆಗೆ ಸೇರಿದವನು ನಾನು.

ನನ್ನನ್ನು ತಜ್ಞನನ್ನಾಗಿ ಮಾಡಿದವನು ನನ್ನ ಸೋದರಮಾವ ಮುನಿಶಾಮಪ್ಪ. ಸೂಲಿಬೆಲೆಯಿಂದ ಆಚೆಗೆ ಒಂದು ಹಳ್ಳಿಯಲ್ಲಿ ಅವನ ಮನೆ, ಮೂರೆಕರೆ ರಾಗಿ ಹೊಲ, ನಾಲ್ಕು ಸೀಮೆಹಸು. ವಯಸ್ಸು ಎಪ್ಪತ್ತೆಂಟು. ಬೆಳೆ ರಕ್ಷಣೆಗೆಂದು ಅವನ ತಂದೆಗೆ ಸಿಕ್ಕಿದ್ದ ಲೈಸೆನ್ಸು ಅವನ ಹೆಸರಿಗೆ ಬಂದು, ಅದರ ಜೊತೆಗೆ ಒಂದು ಒಂಟಿನಳಿಗೆ ಬಂದೂಕೂ ಬಂದಿತ್ತು. ಹರೆಯದಲ್ಲಿ ಅವನು ಹೊಲದ ಬದುಗಳಿಂದ ಭರ್ರನೆ ಏಳುವ ಗೌಜಲಹಕ್ಕಿಗಳನ್ನೂ ಬುರ್ಲಿಗಳನ್ನೂ ಒಂದೇ ಏಟಿಗೆ ಕೆಡವುತ್ತಿದ್ದವನು. ಹಕ್ಕಿಗಳನ್ನು ಕೊಲ್ಲಬಾರದೆಂದು ಕಾನೂನು ಬಂದ ಮೇಲೆ ಒಂದು ಹಕ್ಕಿಯ ಗರಿಯನ್ನೂ ಮುಟ್ಟಿಲ್ಲ. ಇದಕ್ಕೆ ಸಾಕ್ಷಿ ಅವನ ಹೆಂಡತಿ, ನನ್ನ ಅತ್ತೆ. ಅವಳು ಅಡಿಗೆಮನೆಗೆ ಏನು ಬಂತು ಏನು ಬರಲಿಲ್ಲ ಎಂಬುದನ್ನು ಮರೆಯುವವಳಲ್ಲ. ಅಂದಿನಿಂದ ಬಂದೂಕಿನ ಕೆಲಸ ಒಂದೇ: ರಾಗಿ ಹಾಲುಗಾಳು ಕಟ್ಟುವ ದಿನಗಳಲ್ಲಿ ಗಿಳಿ, ಗುಬ್ಬಿ, ಈಚೀಚೆಗೆ ನವಿಲುಗಳೂ ತೆನೆಗೆ ಬಾಯಿ ಹಾಕಿದಾಗ ಬೆಳಗ್ಗೆ ಆಕಾಶಕ್ಕೊಂದು ಗುಂಡು ಹಾರಿಸುವುದು. ಸುತ್ತಿನ ಹತ್ತಾರು ಹೊಲದವರು ಆ ಸದ್ದಿಗೆ ಕಾಯುತ್ತಿದ್ದರು, ಅದು ಕೇಳಿದ ಮೇಲೆಯೇ ಟೀ ಕಾಯಿಸುತ್ತಿದ್ದರು. ಊರಿನಲ್ಲಿ ಮೂವರು ಮುನಿಶಾಮಪ್ಪಂದಿರಿದ್ದರೂ ತುಪಾಕಿ ಮುನಿಶಾಮಣ್ಣ ಒಬ್ಬನೇ.

ಈ ತುಪಾಕಿಗೆ ವಯಸ್ಸಾಗಿತ್ತು. ಒಂದೊಂದು ಸಲ ಟ್ರಿಗರ್ ಎಳೆದರೂ, ಕಿವಿ ಕೇಳದ ಮುದುಕನನ್ನು ಕರೆದ ಹಾಗೆ, ಸುಮ್ಮನಿರುತ್ತಿತ್ತು. ಲೈಸೆನ್ಸಿನ ನವೀಕರಣದ ಕಾಲವೂ ಹತ್ತಿರ ಬಂದಿತ್ತು. ಹೊಸ ಬಂದೂಕು ಕೊಂಡು ಲೈಸೆನ್ಸಿನಲ್ಲಿ ಬರೆಸಬೇಕು, ಇಲ್ಲವೆ ಹಳೆಯದನ್ನು ಠಾಣೆಗೆ ಒಪ್ಪಿಸಿ ಕೈತೊಳೆದುಕೊಳ್ಳಬೇಕು. ಒಮ್ಮೆ ಬಿಟ್ಟ ಲೈಸೆನ್ಸು ಆ ವಯಸ್ಸಿನವನಿಗೆ ಮತ್ತೆ ಸಿಗುವ ಮಾತೇ ಇಲ್ಲ. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗ, ಒಪ್ಪಿಸಿಬಿಡು ಎಂದಿದ್ದ. ಮಾವ ಒಂದು ಭಾನುವಾರ ಬಸ್ಸು ಹತ್ತಿ ನಮ್ಮ ಮನೆಗೆ ಬಂದು, ಕಾಫಿ ಮುಗಿಸಿ, ಲೋಟ ಕೆಳಗಿಟ್ಟು ಹೇಳಿದ:

"ಅಳಿಯಾ, ನಂಗೊಂದು ಸೆಮಿ ಆಟೋಮ್ಯಾಟಿಕ್ಕು ಬೇಕು. ನೀನು ಇಂಗ್ಲಿಷ್ ಓದ್ತೀಯ. ಯಾವುದು ಒಳ್ಳೇದು, ಬಾಯಿ ಯಾವ ಅಳತೇದು ಇರ್ಬೇಕು, ಎಲ್ಲ ನೋಡಿ ಏಳು."

ಆಮೇಲಿನ ಒಂದು ತಿಂಗಳು ನಾನು ಮನುಷ್ಯನಾಗಿರಲಿಲ್ಲ. ನಿವೃತ್ತ ಮೇಷ್ಟ್ರಿಗೆ ಓದಲು ಒಂದು ವಿಷಯ ಸಿಕ್ಕರೆ ಮನೆಯವರು ಎಷ್ಟು ಕಷ್ಟಪಡುತ್ತಾರೆಂದು ಬಲ್ಲವರೇ ಬಲ್ಲರು. ಸೆಮಿ ಆಟೋಮ್ಯಾಟಿಕ್ಕಿನಲ್ಲಿ ಎರಡು ಕುಲಗಳಿವೆ. ಒಂದು, ಸಿಡಿದ ಮದ್ದಿನ ಅನಿಲವನ್ನೇ ಕದ್ದು ಅದರ ಬಲದಿಂದ ಮುಂದಿನ ತೋಟಾವನ್ನು, ಎಂದರೆ ಕಾಡತೂಸನ್ನು, ಒಳಗೆ ತಳ್ಳುವಂಥದು. ಇದು ಹೆಗಲಿಗೆ ಮೃದು, ಆದರೆ ಮಸಿ ಹಿಡಿಯುತ್ತದೆ, ಪದೇ ಪದೇ ಒರೆಸಬೇಕು. ಇನ್ನೊಂದು ಹಿಂದಕ್ಕೆ ಒದೆಯುವ ಒದೆತದ ಬಲದಿಂದಲೇ ನಡೆಯುವಂಥದು. ಒಳಗೆ ಶುಚಿ, ಹೆಗಲಿಗೆ ಸ್ವಲ್ಪ ಕಠಿಣ. ಎಪ್ಪತ್ತೆಂಟರ ಹೆಗಲಿಗೆ ಮೊದಲನೆಯದೇ ಯೋಗ್ಯವೆಂದು ನಾನು ತೀರ್ಮಾನಿಸಿದೆ. ಇನ್ನು ಬಾಯಿಯ ಅಳತೆ. ಅದಕ್ಕೆ ಚೋಕು ಎನ್ನುತ್ತಾರೆ. ತೋಟಾದೊಳಗಿನ ನೂರಾರು ಚರೆಗಳು, ಎಂದರೆ ಸೀಸದ ಪುಟ್ಟ ಗುಂಡುಗಳು, ನಳಿಗೆಯ ತುದಿ ದಾಟುವಾಗ ಆ ತುದಿ ಎಷ್ಟು ಬಿಗಿಯಾಗಿದೆ ಎಂಬುದೇ ಚೋಕು. ಬಿಗಿಯಾಗಿದ್ದರೆ ಚರೆಗಳು ಗುಂಪು ಬಿಡದೆ ದೂರ ಹೋಗುತ್ತವೆ, ಸಡಿಲವಿದ್ದರೆ ಬೇಗನೆ ಅಗಲಕ್ಕೆ ಹರಡಿಕೊಳ್ಳುತ್ತವೆ. ಇದನ್ನು ನನ್ನ ಹೆಂಡತಿಗೆ ಪೈಪು ಹಿಡಿದು ಪ್ರಾತ್ಯಕ್ಷಿಕೆಯೊಂದಿಗೆ ವಿವರಿಸಿದೆ. ಹೋಲಿಕೆ ಪೂರ್ತಿ ಸರಿಯಲ್ಲವೆಂದು ನನಗೂ ಗೊತ್ತಿತ್ತು. ಅವಳು ಒದ್ದೆಯಾದ ಸೀರೆ ಹಿಂಡುತ್ತ, ಬರಿಯ ಸದ್ದು ಮಾಡುವುದಕ್ಕೆ ಬಾಯಿಯ ಅಳತೆ ಯಾಕೆ ಬೇಕು, ನೀವು ಮಾಡುವ ಸದ್ದಿಗೆ ಯಾವ ಚೋಕೂ ಇಲ್ಲವಲ್ಲ ಎಂದು ಕೇಳಿದಳು.

ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಹಕ್ಕಿ ಹೊಡೆಯುವಂತಿಲ್ಲ, ಆಕಾಶವನ್ನು ಯಾವ ಚೋಕಿನಿಂದ ಹೊಡೆದರೂ ತಪ್ಪುವುದಿಲ್ಲ. ಆದರೆ ಮಾವನಿಗೆ ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಸೀರೆ ಆರಿಸುವವರು ಎಲ್ಲಿಗೆ ಉಡುತ್ತೇವೆಂದು ಯೋಚಿಸಿ ಆರಿಸುವುದಿಲ್ಲ, ಸೀರೆಯನ್ನು ಸೀರೆಯೆಂದೇ ಆರಿಸುತ್ತಾರೆ. ಅವನು ಗೌಜಲಹಕ್ಕಿಯ ಬೇಟೆಗೆ ಹೊರಟವನಂತೆಯೇ ಬಂದೂಕು ಆರಿಸಲು ಹೊರಟಿದ್ದ. ನಾನೂ ಅದೇ ಗಾಂಭೀರ್ಯದಿಂದ, ಇಪ್ಪತ್ತೈದು ಮೂವತ್ತು ಹೆಜ್ಜೆಯಲ್ಲಿ ಏಳುವ ಹಕ್ಕಿಗೆ ಅತಿ ಸಡಿಲವೂ ಅಲ್ಲದ ಅತಿ ಬಿಗಿಯೂ ಅಲ್ಲದ, ಸಡಿಲದ ಕಡೆಗೆ ಕೊಂಚ ವಾಲಿದ ಚೋಕು ಸರಿಯೆಂದು ಫೋನಿನಲ್ಲಿ ವರದಿ ಒಪ್ಪಿಸಿದೆ. ಮಾವ ಎಲ್ಲ ಕೇಳಿಸಿಕೊಂಡು, "ಅದುಕ್ಕಿಂತ ಅಗಲ ಹರಡೋದು ಬರಾಕಿಲ್ವಾ?" ಎಂದ.

ಬೆಂಗಳೂರಿನ ಬಂದೂಕಿನ ಅಂಗಡಿಯಲ್ಲೂ ಇದೇ ಮಾತು. ಅಂಗಡಿಯವರು ಸಭ್ಯರು, ನಮ್ಮನ್ನು ಕೂರಿಸಿ, ಒಂದು ಸೆಮಿ ಆಟೋಮ್ಯಾಟಿಕ್ಕನ್ನು ಗಾಜಿನ ಮೇಜಿನ ಮೇಲೆ ಬಟ್ಟೆ ಹಾಸಿ ಮಲಗಿಸಿದರು. ಅದರ ಚೋಕುಗಳು ನಳಿಗೆಯ ತುದಿಗೆ ತಿರುಪಿ ಕೂರಿಸುವ ಪುಟ್ಟ ಉಕ್ಕಿನ ಕೊಳವೆಗಳು. ಬೇಕಾದದ್ದನ್ನು ಹಾಕಬಹುದು, ಬೇಡವಾದರೆ ಬಿಚ್ಚಬಹುದು. ಮಾವ ಒಂದೊಂದನ್ನೂ ಕೈಗೆ ತೆಗೆದುಕೊಂಡು ಕಿರುಬೆರಳನ್ನು ಒಳಗಿಟ್ಟು ತಿರುಗಿಸಿ ನೋಡಿದ. ಅನುಭವಸ್ಥರ ಪರೀಕ್ಷಾಕ್ರಮ ಹೀಗಿರುತ್ತದೆಂದು ನಾನು ಮೆಚ್ಚಿಕೊಂಡೆ. ಎಲ್ಲಕ್ಕಿಂತ ಸಡಿಲವಾದದ್ದನ್ನು ಎತ್ತಿಟ್ಟು, "ಇನ್ನೂ ಅಗಲದ್ದು?" ಎಂದ. ಅಂಗಡಿಯವರು ನಕ್ಕು, "ಇದಕ್ಕಿಂತ ಅಗಲ ಅಂದ್ರೆ ಚೋಕೇ ಇಲ್ಲದ್ದು, ಯಜಮಾನ್ರೇ. ನಿಮ್ಮ ಹಳೇದು ಯಾವ ಚೋಕು?" ಎಂದು ಕೇಳಿದರು. ಮಾವನಿಗೆ ಗೊತ್ತಿರಲಿಲ್ಲ, ನಳಿಗೆಯ ಮೇಲಿನ ಗುರುತು ಯಾವತ್ತೋ ಸವೆದುಹೋಗಿತ್ತು. ಹಾಗಾದರೆ ಮೂವತ್ತು ಹೆಜ್ಜೆಯಲ್ಲಿ ಒಂದು ಬಟ್ಟೆ ಕಟ್ಟಿ ಹಳೆಯದರಿಂದ ಒಂದು ಗುಂಡು ಹೊಡೆದು ನೋಡಿ, ತೂತುಗಳು ಎಷ್ಟಗಲಕ್ಕೆ ಬಿದ್ದಿವೆ ನೋಡಿಕೊಂಡು ಬಂದರೆ ಆರಿಸುವುದು ಸುಲಭ ಎಂದರು. ಡಾಕ್ಟರ ಸರ್ಟಿಫಿಕೇಟು ಆಯಿತೇ ಎಂದೂ ವಿಚಾರಿಸಿದರು. ನವೀಕರಣಕ್ಕೆ ಅದು ಬೇಕು. ಬರುವ ವಾರ ಮಾಡಿಸುತ್ತೇನೆಂದು ಮಾವ ಹೇಳಿದ. ಹಿಂದಿನ ವಾರ ನನಗೂ ಹಾಗೆಯೇ ಹೇಳಿದ್ದ.

ಮಾವನನ್ನು ಊರಿಗೆ ಬಿಡಲು ಹೋಗುವಾಗ ಬಸ್ಸಿನಲ್ಲಿ ಅವನು ಹಳೆಯ ಕಾಲದ ಮಾತೆತ್ತಿದ. ಗೌಜಲಹಕ್ಕಿ ಎದ್ದ ಮೇಲೆ ಹುಡುಕಿದರೆ ಕೆಟ್ಟೆವು, ಅದು ಏಳುವ ಮೊದಲು ಹುಲ್ಲಿನಲ್ಲಿ ಓಡುವ ಸದ್ದನ್ನು ಕೇಳಬೇಕು, ಬಂದೂಕು ಆ ಕಡೆಗೆ ತಾನಾಗಿ ತಿರುಗುತ್ತದೆ ಎಂದ. ಅವನ ವಿವರಣೆ ನನ್ನ ಒಂದು ತಿಂಗಳ ಓದಿಗಿಂತ ಚೆನ್ನಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಹೊಸಕೋಟೆ ಬಂತಾ ಎಂದು ಎರಡು ಸಲ ಕೇಳಿದ. ಕಿಟಕಿಯ ಪಕ್ಕ ಕೂತವನು ಅವನೇ ಆಗಿದ್ದರೂ, ಊರೆಲ್ಲ ಗುರುತು ಸಿಗದಷ್ಟು ಬದಲಾಗಿದೆಯಲ್ಲ ಎಂದುಕೊಂಡು ನಾನು ಹೊಸ ಫ್ಲೈಓವರುಗಳ ವಿರುದ್ಧ ಒಂದು ಸಣ್ಣ ಭಾಷಣ ಮಾಡಿದೆ. ಅಗಲದ ಮೇಲೆ ಇವನಿಗೇಕೆ ಇಷ್ಟು ವ್ಯಾಮೋಹವೆಂಬುದಕ್ಕೂ ನನ್ನ ಬಳಿ ವಿವರಣೆ ಸಿದ್ಧವಿತ್ತು. ಜೀವಮಾನವಿಡೀ ಒಂಟಿನಳಿಗೆಯಲ್ಲಿ ಒಂದೇ ಏಟಿಗೆ ಲೆಕ್ಕಾಚಾರ ಹಾಕಿ ಬದುಕಿದವನಿಗೆ ಮುಪ್ಪಿನಲ್ಲಿ ಧಾರಾಳತನ ಬಂದಿದೆ ಎಂದು ನಾನು ಮನಶ್ಶಾಸ್ತ್ರದ ಪ್ರಕಾರ ನಿರ್ಣಯಿಸಿದ್ದೆ.

ಮುಂದಿನ ಭಾನುವಾರ ಬೆಳಗ್ಗೆ ನಾವು ಅವನ ಹೊಲಕ್ಕೆ ಹೋದೆವು. ಕೊಯ್ಲು ಮುಗಿದು ಕೂಳೆ ಮಾತ್ರ ನಿಂತಿತ್ತು. ಹೊಲದ ಆ ತುದಿಯಲ್ಲಿ ನೀಲಗಿರಿ ಸಾಲು, ಅದರ ಹಿಂದೆ ಮಣ್ಣಿನ ದಿಬ್ಬ. ಬಟ್ಟೆ ತರುವುದನ್ನು ಮರೆತಿದ್ದೆವು. ಮಾವ ಹೆಗಲ ಮೇಲಿನ ಬಿಳಿ ಟವಲನ್ನೇ ತೆಗೆದು ಕೊಟ್ಟ. "ತಗಳಪ್ಪ, ಹಳೇದು. ತೂತು ಬಿದ್ರೆ ಬೀಳ್ಲಿ." ನಾನು ಆ ಸಾಲಿನ ಮುಂದೆ ಎರಡು ಕೋಲು ನೆಟ್ಟು ಅದನ್ನು ಬಿಗಿಯಾಗಿ ಕಟ್ಟಿ, ಮೂವತ್ತು ಹೆಜ್ಜೆ ಎಣಿಸುತ್ತ ಬಂದು ಅವನ ಹಿಂದೆ ನಿಂತು, ಮಾಡಬೇಕಾದ ಮೊದಲ ಕೆಲಸವೆಂದು ಕಿವಿ ಮುಚ್ಚಿಕೊಂಡೆ. ಮಾವ ಬಂದೂಕನ್ನು ಹೆಗಲಿಗೆ ಏರಿಸಿದ. ಆ ಒಂದು ಚಲನೆಯಲ್ಲಿ ಮಾತ್ರ ಅವನಿಗೆ ಇಪ್ಪತ್ತೈದು ವರ್ಷವಾಗಿತ್ತು. ತುಸು ಹೊತ್ತು ಗುರಿ ನೋಡಿದ. ಟ್ರಿಗರ್ ಮೊದಲನೇ ಸಲಕ್ಕೇ ಓಗೊಟ್ಟಿತು.

ನಾನು ನೋಟ್‌ಬುಕ್ಕು, ಪೆನ್ನು, ಅಳತೆಯ ಟೇಪು ಹಿಡಿದು ಉತ್ಸಾಹದಿಂದ ಓಡಿದೆ. ಟವಲಿನಲ್ಲಿ ಒಂದು ತೂತೂ ಇರಲಿಲ್ಲ. ಹಿಂದೆ ಮುಂದೆ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ಎಡಗಡೆಗೆ ಎರಡು ಮಾರು ಆಚೆ, ನೀಲಗಿರಿಯ ಒಂದು ಕಾಂಡದ ತೊಗಟೆ ಎದ್ದು ಒಳಗಿನ ಬಿಳಿ ಕಾಣುತ್ತಿತ್ತು. ಇನ್ನೂ ಎಲೆಗಳು ಉದುರುತ್ತಿದ್ದವು.

ಮಾವ ಅಲ್ಲಿಂದಲೇ ಕೂಗಿದ. "ಎಂಗೆ ಹರಡೈತೆ ಅಳಿಯಾ?"

ಮೂವತ್ತು ಹೆಜ್ಜೆ ದೂರದಿಂದ, ಬೆಳಗಿನ ಬಿಸಿಲಿನಲ್ಲಿ, ಉದುರುತ್ತಿರುವ ಎಲೆಗಳು ಅವನಿಗೆ ಕಾಣುತ್ತಿರಲಿಲ್ಲ. ಟವಲು ಕಂಡಿತ್ತೋ ಇಲ್ಲವೋ. ಅಗಲ, ಇನ್ನೂ ಅಗಲ ಎಂದು ಅವನು ಒಂದು ತಿಂಗಳಿನಿಂದ ಕೇಳುತ್ತಿದ್ದುದು ಏನೆಂದು ನನಗೆ ಆಗ ತಿಳಿಯಿತು. ಡಾಕ್ಟರ ಬಳಿ ಯಾಕೆ ಹೋಗುತ್ತಿಲ್ಲವೆಂಬುದೂ ತಿಳಿಯಿತು. ಕಣ್ಣಿನಿಂದ ಹೋದದ್ದನ್ನು ಅವನು ಚೋಕಿನಿಂದ ತುಂಬಿಕೊಳ್ಳಲು ನೋಡುತ್ತಿದ್ದ. ನಾನು ಅವನಿಗೆ ಮಿಲಿಮೀಟರುಗಳನ್ನು ಓದಿ ಹೇಳುತ್ತಿದ್ದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

ದುಃಖದಲ್ಲಿರುವ ವಿಜ್ಞಾನದ ಮೇಷ್ಟ್ರು ಏನು ಮಾಡುತ್ತಾನೆಂದು ನಿಮಗೆ ಹೇಳಲು ನನಗೆ ಸಂಕೋಚವಿದೆ. ಮೂವತ್ತು ವರ್ಷ ಮಕ್ಕಳಿಗೆ, ಪ್ರಯೋಗದ ಫಲಿತಾಂಶವನ್ನು ತಿದ್ದಬೇಡಿ, ಬಂದದ್ದನ್ನೇ ಬರೆಯಿರಿ ಎಂದು ಹೇಳಿಕೊಟ್ಟವನು ನಾನು. ಅವನಿಗೆ ಬೆನ್ನು ಮಾಡಿ ನಿಂತು, ಪೆನ್ನಿನ ಮೊನೆಯಿಂದ ಟವಲಿನಲ್ಲಿ ಏಳು ತೂತುಗಳನ್ನು ಮಾಡಿದೆ, ಸಹಜವಾಗಿ ಕಾಣಲೆಂದು ಅವನ್ನು ಅಂತರ ಬಿಟ್ಟು ಅಗಲವಾಗಿ ಹರಡಿಯೂ ಮಾಡಿದೆ. "ಚೆನ್ನಾಗಿ ಹರಡಿದೆ, ಮಾವ," ಎಂದು ಕೂಗಿದೆ.

"ಬಿಚ್ಚಿ ತಗಂಬಾ," ಎಂದ.

ತಂದು ಕೊಟ್ಟೆ. ಅವನು ಬಂದೂಕಿನ ನಳಿಗೆ ಮಡಚಿ, ಖಾಲಿ ತೋಟಾ ತೆಗೆದು ಜೇಬಿಗೆ ಹಾಕಿಕೊಂಡು, ಬದುವಿನ ಮೇಲೆ ಕೂತು ಟವಲನ್ನು ತೊಡೆಯ ಮೇಲೆ ಹರಡಿಕೊಂಡ. ನೋಡಲಿಲ್ಲ. ಒಂದು ಅಂಚಿನಿಂದ ಬೆರಳಾಡಿಸುತ್ತ ಬಂದ. ಮೊದಲನೆಯ ತೂತಿನ ಬಳಿ ಬೆರಳು ನಿಂತಿತು, ಅದರ ಸುತ್ತ ಉಗುರಿನಿಂದ ಒಮ್ಮೆ ಸವರಿತು, ಮುಂದಕ್ಕೆ ಹೋಯಿತು. ಎರಡನೆಯದರ ಬಳಿ ನಿಂತಿತು. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.

"ಚರೆ ನೂಲು ಕತ್ತರಿಸ್ತದೆ ಅಳಿಯಾ," ಎಂದ. "ಇಲ್ಲಿ ನೂಲು ಸರಿದೈತೆ, ಅಷ್ಟೆ."

ನಾನು ಪೆನ್ನನ್ನು ಜೇಬಿಗೆ ಸೇರಿಸಿದೆ. ಅವನು, ಏಟು ಎಡಕ್ಕೆ ಹೋಯಿತೋ ಬಲಕ್ಕೆ ಹೋಯಿತೋ ಎಂದು ಮಾತ್ರ ವಿಚಾರಿಸಿದ. ಎಡಕ್ಕೆ ಎಂದೆ. ಎಷ್ಟು ಎಂದ. ಎರಡು ಮಾರು ಎಂದೆ. ಅಷ್ಟಾ ಎಂದು ತಲೆಯಾಡಿಸಿದ.

"ನಾಳೀಕೆ ಠಾಣೆಗೆ ಓಗಿ ಒಪ್ಪಿಸ್ಬಿಟ್ಟು ಬರಣ," ಎಂದ. "ನೀನೂ ಬಾ. ಸೈನು ಎಲ್ಲಿ ಆಕ್ಬೇಕು ಅಂತ ತೋರ್ಸೋಕೆ ಒಬ್ರು ಬೇಕಾಯ್ತದೆ."

ಬರುತ್ತೇನೆಂದೆ. ಅವನು ಬಂದೂಕನ್ನು ನನ್ನ ಕೈಗೆ ಕೊಟ್ಟ. ಅಷ್ಟು ಭಾರವಿರುತ್ತದೆಂದು ನಾನು ಎಲ್ಲಿಯೂ ಓದಿರಲಿಲ್ಲ. ಆಮೇಲೆ ಟವಲನ್ನು ಎರಡೂ ಕೈಯಲ್ಲಿ ಹಿಡಿದು, ನಾನು ಮಾಡಿದ ಒಂದೊಂದು ತೂತನ್ನೂ ಹುಡುಕಿ, ಹೆಬ್ಬೆರಳ ಉಗುರಿನಿಂದ ಎಳೆಗಳನ್ನು ಮೆಲ್ಲಗೆ ಅತ್ತಿತ್ತ ತೀಡಿ ಕೂಡಿಸತೊಡಗಿದ. ಏಳೂ ಮುಗಿಯುವವರೆಗೆ ನಾನು ನಿಂತೇ ಇದ್ದೆ.

"ಒಂದು ಒಗೆತ ಒಗುದ್ರೆ ಸರೋಯ್ತದೆ, ಬಿಡು," ಎಂದು ಅದನ್ನು ಒದರಿ ಹೆಗಲ ಮೇಲೆ ಹಾಕಿಕೊಂಡು, ನನ್ನ ತೋಳು ಹಿಡಿದುಕೊಂಡ.