ಕ್ಲೊರಿಂದೊ ಒಲೆಗೆ ಕಣ್ಣು ಕೊರೆಸಿದ್ದು

ಊರಿನ ಮೇಲಿನ ಬಯಲಲ್ಲಿ ನಲವತ್ತೊಂದು ಚಳಿಗಾಲ ಕುರಿ ಕಾಯ್ದವನು ಕ್ಲೊರಿಂದೊ ಅಂತಿಲೆಫ್. ಅಷ್ಟೂ ವರ್ಷ ಬೆಂಕಿ ಅವನ ಕಣ್ಣೆದುರೇ, ಬಯಲಿನಲ್ಲೇ ಉರಿದಿತ್ತು. ಅದರ ಬಣ್ಣ ನೋಡಿ ಗಾಳಿ ಯಾವ ಕಡೆಗೆ ತಿರುಗೀತೆಂದು ಹೇಳುತ್ತಿದ್ದ. ಮಾತಿಗೆ ಮನುಷ್ಯರೇ ಸಿಗದ ತಿಂಗಳುಗಳಲ್ಲಿ ಅದರ ಜೊತೆ ಜಗಳವನ್ನೂ ಆಡಿದ್ದ. ಮಂಡಿ ಕೈಕೊಟ್ಟ ಮೇಲೆ ಗ್ವಾಲ್ಹೈನಾ ಊರಿನ ಎರಡು ಕೋಣೆಯ ಮನೆಗೆ, ಹೆಂಡತಿ ಎರ್ಮಿಂದಾಳ ಬಳಿಗೆ ಇಳಿದು ಬಂದ. ಬಂದವನೇ ಹಳೆಯ ಡೀಸೆಲ್ ಪೀಪಾಯಿ ಕೊಯ್ದು, ಲಾರಿಯ ತಗಡಿನ ಬಾಗಿಲಿಟ್ಟು, ಹೊಗೆಕೊಳವೆ ಏರಿಸಿ ಒಲೆ ಮಾಡಿದ. ಮನೆಯೇನೋ ಬೆಚ್ಚಗಾಯಿತು. ಅವನಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ.

"ಒಳಗೆ ಏನು ನಡೀತಿದೆ ಅಂತ ಗೊತ್ತಾಗೋದು ಹೇಗೆ?" ಅನ್ನುವನು, ಏಳುವನು, ಒಲೆಯ ಬಾಗಿಲು ತೆಗೆಯುವನು. ಗಾಳಿ ಕೊಳವೆಯೊಳಗೆ ಒಂದು ಗುದ್ದು ಕೊಟ್ಟರೆ ಸಾಕು, ಹೊಗೆಯೆಲ್ಲ ಕೋಣೆಗೆ. ಎರ್ಮಿಂದಾಳಿಗೆ ಉಬ್ಬಸ. ಸೀರೆ ಸೆರಗಿಲ್ಲದ ಊರು, ಮೇಲಂಗಿಯ ಚುಂಗನ್ನೇ ಬಾಯಿಗೆ ಒತ್ತಿಕೊಂಡು ಕೆಮ್ಮುವಳು.

"ಅದೇನು ಕುರಿಯಾ, ಗಳಿಗೆಗೊಂದು ಸಲ ಎಣಿಸೋಕೆ? ಓಡಿಹೋಗಲ್ಲ, ಕೂತ್ಕೊಳೋ ಮುದುಕ!"

ಕೂರುವನು. ಮಂಡಿ ಕುಣಿಸುವನು. ಮತ್ತೆ ಏಳುವನು.

ಒಂದು ಸೋಮವಾರ ಎರ್ಮಿಂದಾ ಬೈಯಲೇ ಇಲ್ಲ. ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದಳು: "ಗುರುವಾರದ ಬಸ್ಸಲ್ಲಿ ಸೀಟು ಹೇಳಿದ್ದೀನಿ. ತ್ರೆಲೇವ್‌ನಲ್ಲಿ ತಂಗಿ ಮನೇಲಿ ಗ್ಯಾಸಿನ ಒಲೆ, ಹೊಗೆ ಕಾಟ ಇಲ್ಲ. ಅಷ್ಟರೊಳಗೆ ಈ ಒಲೆ ಬಾಗಿಲು ಮುಚ್ಚೇ ಇರೋ ಹಾಗಾದ್ರೆ ಇರ್ತೀನಿ. ಇಲ್ಲಾಂದ್ರೆ ನೀನುಂಟು, ನಿನ್ನ ಬೆಂಕಿ ಉಂಟು."

ಬೈದಿದ್ದರೆ ಅವನು ಹೆದರುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆಯೇ ಒಲೆಯ ಬಾಗಿಲನ್ನು ಕಳಚಿ ಹೆಗಲಿಗೇರಿಸಿ, ಬೀದಿ ಕೊನೆಯಲ್ಲಿ ವೆಲ್ಡಿಂಗ್ ಮಾಡುವ ದೆಲ್ಫಿನಾಳ ಶೆಡ್ಡಿಗೆ ಹೋದ. "ಇದಕ್ಕೊಂದು ಕಿಟಕಿ ಬೇಕು ಮಗಳೇ. ತೆರೀದೆ ನೋಡೋ ಹಾಗೆ."

ದೆಲ್ಫಿನಾ ಬಾಗಿಲಿನಲ್ಲಿ ಚೌಕ ಕೊರೆದಳು. ಮುರಿದ ಒಲೆಯೊಂದರಿಂದ ಬಿಚ್ಚಿಟ್ಟಿದ್ದ, ಬೆಂಕಿ ತಾಳುವ ಗಾಜನ್ನು ಕೂರಿಸಿ, ಸುತ್ತ ಸುಡದ ಗಾಜುನಾರಿನ ಹಗ್ಗ ಇಟ್ಟು, ನಾಲ್ಕು ನಟ್ಟು ಹಾಕಿದಳು. "ಬೆರಳಲ್ಲಿ ಎಷ್ಟು ತಿರುಗತ್ತೋ ಅಷ್ಟೇ ಬಿಗಿ. ಸ್ಪಾನರ್ ಮುಟ್ಟಬೇಡಿ, ಕ್ಲೊರಿಂದೊ ಯಜಮಾನ್ರೇ."

ಮಧ್ಯಾಹ್ನ ಒಲೆ ಹತ್ತಿತು. ಗಾಜಿನ ಹಿಂದೆ ಬೆಂಕಿ ತಲೆಯೆತ್ತಿದಾಗ ಅವನು ಹಳೆಯ ನಂಟನನ್ನು ಕಂಡವನಂತೆ ನಕ್ಕ. ಆದರೆ ಕಬ್ಬಿಣ ಕಾಯುತ್ತಾ ಬಂದಂತೆ ಗಾಜು ಸಣ್ಣಗೆ ಟಿಕ್ ಟಿಕ್ ಅನ್ನತೊಡಗಿತು. ಸಡಿಲ! ಸಡಿಲವಾದದ್ದನ್ನು ಕಂಡು ಸುಮ್ಮನಿರುವ ಕೈಯಲ್ಲ ಅದು. ಎರ್ಮಿಂದಾ ಅಂಗಡಿಗೆ ಹೋದ ಹೊತ್ತು ನೋಡಿ, ನಾಲ್ಕೂ ನಟ್ಟಿಗೆ ಸ್ಪಾನರಿನಲ್ಲಿ ಎರಡೆರಡು ಸುತ್ತು ಕೊಟ್ಟ. ಟಿಕ್ ಟಿಕ್ ನಿಂತಿತು.

ಬುಧವಾರ ಬೆಳಿಗ್ಗೆ ತಣ್ಣಗಾದ ಒಲೆಯ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು.

ದೆಲ್ಫಿನಾ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಮುಟ್ಟಿದ್ರಿ."

"ಸ್ವಲ್ಪ."

"ಎಷ್ಟು ಸ್ವಲ್ಪ?"

"ಎರಡು ಸುತ್ತು. ಜೀನು ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಂಡಿರತ್ತೆ ಮಗಳೇ. ನಾಲ್ಕು ಹೆಜ್ಜೆ ನಡೆಸಿ ಮತ್ತೆ ಬಿಗೀದಿದ್ರೆ ಸವಾರ ನೆಲಕ್ಕೆ. ನಾನೂ ಒಲೆ ಬಿಸಿಯಾಗೋವರೆಗೆ ತಡೆದೇ ಬಿಗಿದೆ!"

ಎರ್ಮಿಂದಾಳಿಗೆ ನಗು ಬಂತು, ನಗುವಿನ ಬೆನ್ನಿಗೇ ಕೆಮ್ಮು. "ಒಲೆ ಹತ್ತಿ ಸವಾರಿ ಹೊರಟಿದ್ಯಾ? ನಾಳೆ ನನ್ನನ್ನೂ ಅದರ ಮೇಲೇ ಕೂರಿಸಿ ಬಿಟ್ಟುಬಾ, ಬಸ್ಸು ಯಾಕೆ!"

"ಇಲ್ಲಿ ಉಬ್ಬೋದು ಕಬ್ಬಿಣ," ಅಂದಳು ದೆಲ್ಫಿನಾ. "ಉಬ್ಬಿದಾಗ ನೀವು ಬಿಗಿದ್ರಿ, ತಣ್ಣಗಾಗಿ ಕುಗ್ಗಿದಾಗ ಗಾಜನ್ನ ಹಿಂಡಿಬಿಡ್ತು. ಇನ್ನೊಂದೇ ತುಂಡಿದೆ, ಇದಕ್ಕಿಂತ ಚಿಕ್ಕದು. ಅದೂ ಹೋದ್ರೆ ನನ್ನ ಹತ್ರ ಬೇರೆ ಇಲ್ಲ."

ತಗಡಿನ ತುಂಡು ಬೆಸೆದು ಕಂಡಿಯನ್ನು ಕಿರಿದು ಮಾಡಿದಳು. ಹೋಗುವಾಗ ಅವನ ಸ್ಪಾನರನ್ನು ತನ್ನ ಜೇಬಿಗೇ ಹಾಕಿಕೊಂಡಳು.

ಒಲೆ ಮತ್ತೆ ಹತ್ತಿತು. ಟಿಕ್ ಟಿಕ್. ಕ್ಲೊರಿಂದೊ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತ. ಎರ್ಮಿಂದಾ ಯೆರ್ಬಾ ಎಲೆಯ ಕಷಾಯದ ಸೋರೆಬುರುಡೆ ಚಾಚಿದರೆ, ಕೈ ತೆಗೆಯಲು ಹೆದರಿ, ಬಗ್ಗಿ ಅದರ ಹೀರುಗೊಳವೆಗೇ ಬಾಯಿಟ್ಟು ಹೀರಿದ. ಆಮೇಲೆ ಗಾಜಿನತ್ತ ಮುಖ ಹತ್ತಿರ ಮಾಡಿದ. ಕೊರಡಿನ ತುದಿಯಲ್ಲಿ ನೊರೆ ಬರುತ್ತಿತ್ತು, ಗಾಜಿನ ಮೂಲೆ ಮಸಿ ಹಿಡಿಯುತ್ತಿತ್ತು.

"ಹಸಿ ಸೌದೆ!" ಕೈ ಒಲೆಯ ಹಿಡಿಕೆಯವರೆಗೂ ಹೋಯಿತು. ಎರ್ಮಿಂದಾ ಮೇಲಂಗಿಯ ಚುಂಗನ್ನು ಬಾಯಿಗೆ ಒಯ್ದಳು. ಕೈ ಅಲ್ಲೇ ನಿಂತಿತು. ಅವನು ಟೋಪಿ ಎಳೆದುಕೊಂಡು, ಕುಂಟುತ್ತಾ ಹಿತ್ತಲಿಗೆ ನಡೆದ. ಕೊಡಲಿಯ ಸದ್ದು ಕೇಳಿಸಿತು.

ತೋಳು ತುಂಬ ಒಣಸೌದೆ ಹೊತ್ತು ಬಂದರೆ, ಅವನ ಕುರ್ಚಿಯಲ್ಲಿ ಎರ್ಮಿಂದಾ. ಗಾಜಿಗೆ ಮುಖವಿಟ್ಟು ಕೂತಿದ್ದಳು, ಕೆಂಪು ಬೆಳಕು ಕೆನ್ನೆಯ ಮೇಲೆ. ಉಸಿರು ತಿಳಿಯಾಗಿತ್ತು.

"ಏಳೇ, ಸೌದೆ ಹಾಕ್ತೀನಿ."

"ತಡಿ. ಉರಿ ಇಳಿದು ಕೆಂಡ ಆಗ್ಲಿ, ಆಗ ತೆಗೆದ್ರೆ ಹೊಗೆ ಬರಲ್ಲ. ನಾನು ಇಲ್ಲಿಂದ ನೋಡಿ ಹೇಳ್ತೀನಿ."

"ಕೈ ನೋಯ್ತಿದೆ ಕಣೇ!"

"ನೋಯ್ಲಿ," ಅಂದಳು ತಿರುಗದೆಯೇ. "ಸೌದೆ ಇಳಿಸಿದ ಮೇಲೆ ಬಸ್ಸಿನ ಚಾಲಕನ ಮನೆಗೆ ಹೋಗಿ ಸೀಟು ಬೇಡ ಅಂತ ಹೇಳಿ ಬಾ. ಹೇಗೂ ನಿನಗೆ ಕೂರೋಕಾಗಲ್ಲ."