ಉಗುರಿನ ಸುಣ್ಣ

ದಾಂಡೇಲಿಯಿಂದ ಧಾರವಾಡಕ್ಕೆ ಹೋಗುವ ಬಸ್ಸು ಏಳೂಕಾಲಿಗೆ ಹಳಿಯಾಳ ಬಿಡುತ್ತದೆ. ಅದನ್ನು ಓಡಿ ಬಂದು ಹತ್ತುವವರಲ್ಲಿ ಕಟ್ಟಕಡೆಯವಳು ಸುನಂದಾ. ಹದಿಮೂರು ವರ್ಷದಿಂದ ಇದೇ ಬಸ್ಸು, ನಾಲ್ಕು ವರ್ಷದಿಂದ ಈ ಓಟ. ಎಷ್ಟೋ ಕಂಡಕ್ಟರುಗಳು ಬಂದುಹೋದರು, ಬೈದರು, ಸುಮ್ಮನಾದರು.

ಸೋಮಾರಿತನದ ತಡವಲ್ಲ ಅದು. ಮನೆಯಲ್ಲಿ ಅತ್ತೆ ಗುರುಬಸವ್ವ ಇದ್ದಾಳೆ. ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದು ಅವಳ ಬಲಗೈ, ಬಲಗಾಲು ಬಿದ್ದವು. ನಾಲಗೆ ಮಾತ್ರ ಚೆನ್ನಾಗಿಯೇ ಉಳಿಯಿತು. ಮದುವೆಯಾಗಿ ಬಂದ ಸೊಸೆಯನ್ನು ಮತ್ತೆ ಓದಲು ಕಳಿಸಿದವಳು ಇದೇ ಗುರುಬಸವ್ವ. ಓಣಿಯವರು ಆಡಿಕೊಂಡಾಗ, "ಅಕಿ ಬುದ್ಧಿ ನಮ್ಮ ಒಲಿ ಮುಂದ ಕುಂತು ಸುಡಬೇಕೇನು?" ಎಂದು ಎಲ್ಲರ ಬಾಯಿ ಮುಚ್ಚಿಸಿದ್ದಳು. ಅಂಥವಳಿಗೆ ಈಗ ಉಳಿದಿರುವ ಸುಖ ಒಂದೇ, ಎಲೆ-ಅಡಿಕೆ. ದಿನಕ್ಕೆ ಎಂಟು ಎಲೆ. ಎಂಟಕ್ಕೂ ಬೆಳಿಗ್ಗೆಯೇ ಸುಣ್ಣ ಹಚ್ಚಿ, ಮಡಿಚಿ, ಒದ್ದೆ ಅರಿವೆಯಲ್ಲಿ ಸುತ್ತಿಡುವುದು ಸುನಂದಾಳ ಕೆಲಸ. ಸುಣ್ಣವನ್ನು ಬೆರಳಿನಿಂದಲೇ ಹಚ್ಚಬೇಕು. ಚಮಚದಿಂದ ಹಚ್ಚಿದರೆ ಎಲೆ ಬಾಯಿ ಸುಡುತ್ತದೆಂದು ಅತ್ತೆಯ ಖಾತ್ರಿ. ಬೆರಳಿಗೆ ಉಳಿದದ್ದನ್ನು ಬಾಗಿಲ ಚೌಕಟ್ಟಿಗೆ ಒರೆಸಿ, ಅಷ್ಟರಲ್ಲಿ ಏಳು ಗಂಟೆಯಾಗಿ, ಸುನಂದಾ ಓಡುತ್ತಾಳೆ. ಚೌಕಟ್ಟಿನ ಒಂದು ಬದಿ ಬೆಳ್ಳಗಾಗಿಹೋಗಿದೆ.

ಧಾರವಾಡದ ಪ್ರಯೋಗಾಲಯದಲ್ಲಿ ಅವಳು ಜೀವಕೋಶಗಳ ಬಾಗಿಲು ಕಾಯುತ್ತಾಳೆ. ಕೋಶದ ಮೈಮೇಲೆ ಗ್ರಾಹಿಗಳಿರುತ್ತವೆ. ಹೊರಗಿನಿಂದ ಸುದ್ದಿ ಬಂದು ಗ್ರಾಹಿಯನ್ನು ಮುಟ್ಟಿದರೆ ಕ್ಯಾಲ್ಸಿಯಂ ಒಳಬರುವ ಬಾಗಿಲು ತೆರೆಯುತ್ತದೆ, ಕ್ಯಾಲ್ಸಿಯಂ ಹೊಕ್ಕೊಡನೆ ಕೋಶ ಎಚ್ಚರಾಗುತ್ತದೆ. ಕೋಶಕ್ಕೆ ಒಂದು ಬಣ್ಣ ಕುಡಿಸಿಟ್ಟರೆ, ಸೂಕ್ಷ್ಮದರ್ಶಕದ ಕೆಳಗೆ ಅದು ಹಸಿರಾಗಿ ಹೊಳೆಯುವುದು ಕಾಣುತ್ತದೆ. ಹೊರಗೆ ಕ್ಯಾಲ್ಸಿಯಂ ಇಲ್ಲದಂತೆ ಮಾಡಿದರೆ ಹೊಳೆಯಬಾರದು. ಆದರೆ ಸುನಂದಾಳ ಕೈಯಲ್ಲಿ ಹೊಳೆಯಿತು. ಮೂರು ವರ್ಷ ಹೊಳೆಯುತ್ತಲೇ ಹೋಯಿತು. ಅಂದರೆ ಈ ಗ್ರಾಹಿ ಹೊರಬಾಗಿಲನ್ನಲ್ಲ, ಕೋಶದ ಒಳಗಿನ ಉಗ್ರಾಣವನ್ನೇ ತೆರೆಯುತ್ತದೆ ಎಂದು ಅವಳು ಬರೆದಳು. ಒಂದು ದೊಡ್ಡ ವಿಜ್ಞಾನ ಪತ್ರಿಕೆ ಆ ಲೇಖನವನ್ನು ಒಪ್ಪಿಕೊಂಡಿತು. ವಿಭಾಗದ ಮುಖ್ಯಸ್ಥ ಶಿವಲಿಂಗಪ್ಪ ಸರ್ ಪೇಢೆ ಹಂಚಿದರು.

ಒಂದೇ ತೊಡಕು, ಮಹೆಜಬೀನ. ದಾಂಡೇಲಿಯ ಟ್ರಾಕ್ಟರ್ ಮೆಕ್ಯಾನಿಕರೊಬ್ಬರ ಮಗಳು, ಅದೇ ಬಸ್ಸಿನಲ್ಲಿ ಬರುವವಳು, ಸುನಂದಾಳ ಕೈಕೆಳಗೆ ಸಂಶೋಧನೆಗೆ ಬಂದವಳು. ಅದೇ ಕೋಶ, ಅದೇ ಬಣ್ಣ, ಕ್ಯಾಲ್ಸಿಯಂ ಇಲ್ಲದ ಅದೇ ದ್ರಾವಣ. ಅವಳ ಕೈಯಲ್ಲಿ ಮಾತ್ರ ಒಂದು ಸಲವೂ ಹೊಳೆಯಲಿಲ್ಲ. "ಕೈ ಒರಟು ನಿಂದು. ಕೋಶ ಅಂದ್ರ ಟ್ರಾಕ್ಟರ್ ಅಲ್ಲವಾ," ಎಂದು ಸುನಂದಾ ನಾಲ್ಕು ಜನರ ಮುಂದೆ ಅಂದುಬಿಟ್ಟಿದ್ದಳು. ಆ ಮಾತು ಆಡಬಾರದಿತ್ತು. ಅಂದಿನಿಂದ ಮಹೆಜಬೀನ ಬಸ್ಸಿನಲ್ಲಿ ಸುನಂದಕ್ಕನಿಗೆ ಸೀಟು ಹಿಡಿಯುವುದನ್ನು ಬಿಡಲಿಲ್ಲ, ಮಾತು ಬಿಟ್ಟಳು. ಅವಳ ಫೆಲೋಶಿಪ್ ಮುಂದುವರಿಯಬೇಕೋ ಬೇಡವೋ ಎಂಬ ವರದಿ ತಿಂಗಳ ಕೊನೆಯ ಶುಕ್ರವಾರ ಹೋಗಬೇಕಿತ್ತು. ಬೇಡ ಎಂದೇ ಸುನಂದಾ ಬರೆದಿಟ್ಟಿದ್ದಳು.

ಅಷ್ಟರಲ್ಲಿ ಗುರುಬಸವ್ವನ ಬಾಯಿ ಹುಣ್ಣಾಯಿತು. ಡಾಕ್ಟರು ಹದಿನೈದು ದಿವಸ ಎಲೆ ಬಂದ್ ಮಾಡಿಸಿದರು. ಆ ಹದಿನೈದು ದಿನ ಸುನಂದಾ ಬಸ್ಸಿಗೆ ಓಡಲಿಲ್ಲ, ಸಾವಕಾಶ ನಡೆದೇ ಹೋದಳು, ಅವಳ ಕೋಶಗಳೂ ಹೊಳೆಯಲಿಲ್ಲ. ಬಣ್ಣ ಹಳತಾಯಿತೆಂದಳು, ನೀರು ಕೆಟ್ಟಿತೆಂದಳು, ಕರೆಂಟನ್ನು ಬೈದಳು. ಹದಿನಾರನೆಯ ದಿನ ಎಲೆ ಮತ್ತೆ ಶುರುವಾಯಿತು. ಅಂದು ಮಧ್ಯಾಹ್ನ ಕೋಶಗಳು ಮೊದಲಿನಂತೆ ಹಸಿರಾದವು. ಅವಳಿಗೆ ಹೋದ ಜೀವ ಬಂದಂತಾಯಿತು.

ಮರುದಿನ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳುವಾಗ ತೋರುಬೆರಳಿನ ಉಗುರು ಕಣ್ಣಿಗೆ ಬಿತ್ತು. ಉಗುರಿನ ಕೆಳಗೆ ಬಿಳಿ ಗೆರೆ. ಸುಣ್ಣ. ಸುಣ್ಣ ಅಂದರೆ ಕ್ಯಾಲ್ಸಿಯಂ ಅಲ್ಲದೆ ಮತ್ತೇನು!

ಪ್ರಯೋಗಾಲಯದಲ್ಲಿ ತನ್ನ ಸಾಮಾನನ್ನೆಲ್ಲ ಹೊಂದಿಸಿಕೊಳ್ಳುವವಳು ಅವಳೇ. ಬಂದೊಡನೆ, ದ್ರಾವಣವನ್ನು ಹನಿಹನಿಯಾಗಿ ಅಳೆದು ಹಾಕುವ ಪಿಪೆಟ್ಟಿನ ತುದಿಗೆ ಸಿಕ್ಕಿಸುವ ಸಣ್ಣ ಪ್ಲಾಸ್ಟಿಕ್ ಕೊಳವೆಗಳನ್ನು ಚೀಲದಿಂದ ತೆಗೆದು, ಡಬ್ಬಿಯ ತೂತುಗಳಲ್ಲಿ ಒಂದೊಂದಾಗಿ, ಬರಿಗೈಯಲ್ಲಿ ಜೋಡಿಸುತ್ತಾಳೆ. ಆಮೇಲೆ ಡಬ್ಬಿಯನ್ನು ಹಬೆಯಲ್ಲಿ ಬೇಯಿಸುತ್ತಾರೆ. ಹಬೆಗೆ ಕ್ರಿಮಿ ಸಾಯುತ್ತದೆ, ಸುಣ್ಣ ಸಾಯುವುದಿಲ್ಲ. ತನ್ನ ಡಬ್ಬಿಯನ್ನು ಬೇರೆ ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ್ದವಳೂ ಅವಳೇ. ಹಾಗಾಗಿ ಮಹೆಜಬೀನಳ ಡಬ್ಬಿ ಬೇರೆ.

ಅಂದು ಸುನಂದಾ ಮಹೆಜಬೀನಳ ಡಬ್ಬಿ ತೆಗೆದುಕೊಂಡು ಪ್ರಯೋಗ ಮಾಡಿದಳು. ಕೋಶಗಳು ಕತ್ತಲಾಗಿಯೇ ಉಳಿದವು. ತನ್ನ ಡಬ್ಬಿಯಿಂದ ಮಾಡಿದಳು, ಹೊಳೆದವು. ಮೂರು ಸಲ ಹಾಗೆಯೇ ಮಾಡಿ, ಸ್ಟೂಲಿನ ಮೇಲೆ ಕೂತಳು. ಒಳಗಿನ ಉಗ್ರಾಣವೂ ಇಲ್ಲ, ಗಿಗ್ರಾಣವೂ ಇಲ್ಲ. ಹೊರಬಾಗಿಲಿಗೆ ತಾನೇ ದಿನಾ ಸುಣ್ಣ ತಂದು ಸುರಿಯುತ್ತಿದ್ದಳು.

ಎರಡು ದಿನ ಅವಳು ಯಾರಿಗೂ ಹೇಳಲಿಲ್ಲ. ಸುಮ್ಮನಿದ್ದರೆ ಯಾರಿಗೆ ತಿಳಿಯುತ್ತಿತ್ತು? ಲೇಖನ ಅಚ್ಚಾಗುತ್ತಿತ್ತು, ಕಾಯಂ ಹುದ್ದೆಯ ಸಂದರ್ಶನಕ್ಕೆ ಅದೇ ಆಧಾರವಾಗುತ್ತಿತ್ತು, ಹದಿಮೂರು ವರ್ಷದ ಓಡಾಟಕ್ಕೆ ಒಂದು ಅರ್ಥ ಬರುತ್ತಿತ್ತು. ಬಹಳ ದಣಿದಿದ್ದಳು. ದಣಿದವರಿಗೆ ಸುಳ್ಳು ಹೇಳಲು ಅಷ್ಟೇನೂ ಶ್ರಮವಿಲ್ಲ, ಬಾಯಿ ತೆರೆಯದಿದ್ದರೆ ಸಾಕು. ಆದರೆ ಬಸ್ಸು ಹತ್ತಿದರೆ ಮಹೆಜಬೀನ ಕಿಟಕಿಯ ಕಡೆ ಸರಿದು, ಜಾಗದ ಮೇಲಿಟ್ಟ ಚೀಲವನ್ನು ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು.

ವರದಿ ಕಳಿಸಬೇಕಿದ್ದ ಶುಕ್ರವಾರ ಸುನಂದಾ ಆ ಸೀಟಿನಲ್ಲಿ ಕೂತವಳೇ ತನ್ನ ಬೆರಳು ಚಾಚಿ ತೋರಿಸಿದಳು. "ನೋಡಿಲ್ಲೆ. ಇದು ಸುಣ್ಣ. ಮೂರು ವರ್ಷ ಹೊಳೆದದ್ದು ಇದ. ನಿನ್ನ ಪ್ರಯೋಗನ ಖರೇ ಇತ್ತು." ದಾರಿಯಲ್ಲಿ ಮಾವಿನಕೊಪ್ಪ ಬರುವವರೆಗೂ ಎಲ್ಲವನ್ನೂ ಹೇಳಿದಳು. ಪತ್ರಿಕೆಗೆ ಬರೆದು ಲೇಖನ ಹಿಂದಕ್ಕೆ ಪಡೆಯುತ್ತೇನೆ, ನಿನ್ನ ವರದಿ ಹರಿದು ಬೇರೆ ಬರೆದಿದ್ದೇನೆ ಎಂದಳು.

ಮಹೆಜಬೀನ ನಗಲಿಲ್ಲ, ಅಳಲೂ ಇಲ್ಲ. ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡಳು. "ಅಕ್ಕಾ, ಒಂದ ವರ್ಷ ಇವಕ್ಕ ಬೈಕೊಂಡೇನ್ರಿ ನಾ," ಎಂದಳು. "ಮನ್ಯಾಗ ಹಿಟ್ಟ ನಾದೂವಾಗೂ, ಇವು ಒರಟು ಕೈ, ಒರಟು ಕೈ ಅಂತ."

ಸುನಂದಾ ಚಾಚಿದ ಬೆರಳನ್ನು ಮಡಿಚಿಕೊಂಡಳು. ಲೇಖನ ಹೋದ ದುಃಖ ಈ ದುಃಖದ ಮುಂದೆ ಏನೂ ಅಲ್ಲ ಅನಿಸಿತು. ಲೇಖನವನ್ನು ಹಿಂದಕ್ಕೆ ಪಡೆಯಬಹುದು, ಆಡಿದ ಮಾತನ್ನು ಪಡೆಯಲಾಗುವುದಿಲ್ಲ.

ಅವಳು ಹೇಳಿದ್ದನ್ನು ಕೇಳಿ ಶಿವಲಿಂಗಪ್ಪ ಸರ್ ಕನ್ನಡಕ ತೆಗೆದು ಒರೆಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದಳು. ಗುರುಬಸವ್ವ ಪೂರಾ ಕೇಳಿದಳು. ಮುದುಕಿಯ ಮುಖ ಸಣ್ಣದಾಯಿತು. ಎಡಗೈಯಿಂದ ಸುಣ್ಣದ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ಎಲೆಯನ್ನು ತೊಡೆಯ ಮೇಲಿಟ್ಟು ತಾನೇ ಹಚ್ಚಲು ಹೋದಳು. ಎಡಗೈಗೆ ರೂಢಿಯಿಲ್ಲದೆ ಸುಣ್ಣ ಸೀರೆಗೆಲ್ಲ ಬಡಿಯಿತು.

"ನಾಳಿಯಿಂದ ನಾನ ಹಚ್ಕೋತೇನಿ. ನೀ ನಿನ್ನ ಕೆಲಸ ನೋಡವಾ," ಎಂದಳು. ಅವಳ ಕಣ್ಣುಗಳು ತುಂಬಿದ್ದವು.

ಸುನಂದಾ ಅವಳ ಕೈಯಿಂದ ಎಲೆ ತೆಗೆದುಕೊಂಡು ತೋರುಬೆರಳಿನಿಂದ ಸುಣ್ಣ ಹಚ್ಚಿದಳು. ಅಡಿಕೆ ಇಟ್ಟು ಮಡಿಚಿ, ಅತ್ತೆಯ ಬಾಯಿಗೆ ಕೊಟ್ಟಳು.

"ಎಲಿ ನಾನ ಹಚ್ಚತೇನ್ರಿ ಅತ್ತಿ," ಎಂದಳು. "ಕೈ ತೊಳಕೊಂಡ ಹೋದ್ರಾತು. ಅಷ್ಟ ಇತ್ತು."