ಕನ್ನಡಿಗೆ ಹಚ್ಚಿದ ವಿಭೂತಿ

ಹುರಿದ ಶೇಂಗಾ ತಿಕ್ಕಿ ಮೊರದಲ್ಲಿ ಸಿಪ್ಪೆ ಹಾರಿಸುತ್ತಿದ್ದೆ. ಬಾಗಲಕೋಟೆಯ ಕಣ್ಣಿನ ದವಾಖಾನೆಯಿಂದ ನಮ್ಮನೆಯವರ ಫೋನ್ ಬಂತು. ಸಕ್ಕರೆ ಬೇನೆ ಬಲಗಣ್ಣನ್ನು ತಿಂದು ಮುಗಿಸಿದೆಯಂತೆ. ಎಡಗಣ್ಣೂ ಅದೇ ದಾರಿ ಹಿಡಿದಿದೆ, ಔಷಧದ ಸೂಜಿ ಮಾಡಿ ನೋಡುತ್ತಾರಂತೆ. "ಆರು ತಿಂಗಳ ಮೊದಲ ಬರಬೇಕಿತ್ತಂತ," ಎಂದರು, ಬಸ್ಸು ತಪ್ಪಿತು ಎನ್ನುವ ದನಿಯಲ್ಲಿ.

ಮೊರ ಕೆಳಗಿಟ್ಟೆ. ಆರು ತಿಂಗಳ ಹಿಂದಿನದು ನನ್ನದೇ ಕೈಯ ಕೆಲಸ.

ಹುನಗುಂದದಲ್ಲಿ ವಿಜ್ಞಾನ ಕಲಿಸುವ ಇವರಿಗೆ, ಇಳಕಲ್ಲಿನ ನಮ್ಮ ಹಿತ್ತಲಲ್ಲಿ ಟೆಲಿಸ್ಕೋಪ್ ಇಟ್ಟು ದೂರದ ಗೆಲಾಕ್ಸಿಗಳ ಫೋಟೊ ತೆಗೆಯುವ ಹುಚ್ಚು. ನೂರಾರು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಒಂದು ಚಿತ್ರ. ನನಗೆ ಎಲ್ಲವೂ ಹಂಚಿನ ಮೇಲೆ ಉದುರಿದ ಹಿಟ್ಟು. ಆ ಬೆಳಕು ಕೋಟಿಗಟ್ಟಲೆ ವರ್ಷ ನಡೆದು ಬಂದದ್ದು ಎಂದರೆ, ಪಾಪ, ನೀರಾದರೂ ಕೊಡ್ರಿ ಎನ್ನುತ್ತಿದ್ದೆ.

ಮಹಾನವಮಿಗೆ ಹಿತ್ತಾಳೆ ಸಾಮಾನು, ಕಂದೀಲಿನ ಗಾಜು ಎಲ್ಲ ವಿಭೂತಿಯಿಂದ ತಿಕ್ಕುವವಳು ನಾನು. ಟೆಲಿಸ್ಕೋಪಿನ ಕನ್ನಡಿಯಲ್ಲಿ ಧೂಳು ಕಂಡಿತು; ಶಿವನ ಬೆಳಕು ಹಿಡಿಯುವ ಪಾತ್ರೆಯಲ್ಲವೇ ಎಂದು ಅದನ್ನೂ ತಿಕ್ಕಿಬಿಟ್ಟೆ. ಆಮೇಲೆ ಇವರು ಚಿತ್ರಗಳೆಲ್ಲ ಮಂಜು ಮಂಜು ಎಂದು ಪರದಾಡತೊಡಗಿದರು. ಮುಚ್ಚಿಟ್ಟುಕೊಂಡು ಲಿಂಗಪೂಜೆಗೆ ಕೂಡಲಾಗದೆ ಒಪ್ಪಿಕೊಂಡೆ. "ಕನ್ನಡಿಗೂ ದೀಕ್ಷಾ ಕೊಟ್ಟಿಯಲ್ಲ," ಎಂದು ನಕ್ಕು, ಹೊಸ ಲೇಪಕ್ಕೆ ಕಳಿಸಿದರು. ಅದು ತಿರುಗಿ ಬರಲು ತಿಂಗಳುಗಟ್ಟಲೆ ಹಿಡಿಯಿತು. ಬಂದಮೇಲೂ ಮಂಜು ಹೋಗದಿದ್ದಾಗಲೇ ಬಾಗಲಕೋಟೆಗೆ ಹೊರಟದ್ದು.

ಫೋನ್ ಇಟ್ಟು ಕಂಪ್ಯೂಟರ್ ತೆರೆದೆ. ನಾನು ತಿಕ್ಕುವ ಮೊದಲಿನ ಚಿತ್ರ, ತಿಕ್ಕಿದ ನಂತರದ ಚಿತ್ರ, ಎರಡನ್ನೂ ಅಕ್ಕಪಕ್ಕ ಇಟ್ಟು ನಿಟ್ಟಿಸಿದೆ. ಎರಡರಲ್ಲೂ ಗೆಲಾಕ್ಸಿಯ ಸುರುಳಿಗಳು ಸ್ವಚ್ಛ. ಮಂಜು ಇದ್ದದ್ದು ಇವರ ಕಣ್ಣಲ್ಲಿ. ನಾನು ಖರೆ ಹೇಳಿ ಆ ಕಣ್ಣಿಗೊಂದು ನೆಪ ಕೊಟ್ಟಿದ್ದೆ. ಒಂದು ದಿನವಾದರೂ ಹಿಟ್ಟು ಎನ್ನದೆ ಸರಿಯಾಗಿ ನೋಡಿದ್ದರೆ!

ಸಂಜೆ ಇವರು ಬಂದಮೇಲೆ ಅದನ್ನೂ ಹೇಳಿದೆ.

"ನೀ ಹೇಳದಿದ್ರ ತಪ್ಪು ಕ್ಯಾಮರಾದ ಮ್ಯಾಲ ಹಾಕ್ತಿದ್ದೆ. ದವಾಖಾನಿ ಬ್ಯಾಡಾಗಿದ್ದು ನನಗ," ಎಂದರು. ಆಮೇಲೆ ಪರದೆಯತ್ತ ಕೈ ಮಾಡಿ, "ಸುರುಳಿ ಯಾವ ಕಡೆ ತಿರಗೇತಿ, ನೋಡಿ ಹೇಳು."

"ಎಡಕ್ಕರಿ."

ಕಣ್ಣು ಮುಚ್ಚಿಯೇ ತಲೆಯಾಡಿಸಿದರು.

ಎಡಗಣ್ಣು ಉಳಿದರೆ, ನನ್ನವೆರಡೂ ಸೇರಿ ಮನೆಗೆ ಮೂರು. ಮುಕ್ಕಣ್ಣನ ಸಂಸಾರ ನಡೆಯುವುದೂ ಅಷ್ಟರಲ್ಲೇ.

ನಳದ ನೀರು ಬಂದ ಸಪ್ಪಳ ಕೇಳಿಸಿತು. ಕೊಡ ತೆಗೆದುಕೊಂಡು ಎದ್ದೆ.